ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ನಮ್ಮೂರ ಕೆರೆ ಏರಿಯ ಮೇಲೆ, ತೂಬಿನಿಂದ ನಾಲ್ಕು ಹೆಜ್ಜೆ ಈಚೆಗೆ, ಒಂದು ಕಲ್ಲಿದೆ. ಸೊಂಟಮಟ್ಟದ್ದು, ಉಳಿದರ್ಧ ಮಣ್ಣಲ್ಲಿ ಹೂತು ಹೋದದ್ದು. ಯಾವ ಕಾಲದಲ್ಲೋ ಏರಿ ಕುಸಿದು ಮುಂದಕ್ಕೆ ವಾಲಿಕೊಂಡಿದೆ. ಹಾಗೆ ವಾಲಿದ್ದರಿಂದ ಅದರ ಬೆನ್ನು ಒಳ್ಳೆಯ ಇಳಿಜಾರು. ನಮ್ಮಜ್ಜಿ ಕಂಬಳಿ ಒಗೆಯುತ್ತಿದ್ದದ್ದು ಆ ಬೆನ್ನಿನ ಮೇಲೆ. ಎಮ್ಮೆ ಕರು ಹಾಕಲು ಒದ್ದಾಡಿದರೆ ಅದೇ ಅಜ್ಜಿ ಚೊಂಬಿನಲ್ಲಿ ಹಾಲು ತಂದು ಅದೇ ಕಲ್ಲಿನ ಮುಖಕ್ಕೆ ಹೊಯ್ದು, "ಬೀರಪ್ಪಾ, ನಿಂಗೆ ಬಿಟ್ಟಿದ್ದು" ಅಂತ ಕೈಮುಗಿದು ಬರುತ್ತಿದ್ದಳು. ಮುಂದೆ ದೇವರು, ಹಿಂದೆ ಒಗೆಯುವ ಕಲ್ಲು. ಅವಳಿಗೆ ಇದರಲ್ಲಿ ಯಾವ ತೊಡಕೂ ಕಂಡಿರಲಿಲ್ಲ. ನಮಗೂ ಇಲ್ಲ. ನಾವು ಮಕ್ಕಳು ಅದರ ನೆತ್ತಿಯಿಂದ ಕೆರೆಗೆ ಹಾರುತ್ತಿದ್ದೆವು.

ಬೀರಪ್ಪ ದೇವರಲ್ಲ, ಅದೊಂದು ವೀರಗಲ್ಲು ಅನ್ನುವುದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಸೊರಬ, ಸಾಗರ, ಶಿಕಾರಿಪುರದ ಕಡೆಯವರಿಗೆ ಇದು ಆಶ್ಚರ್ಯದ ಸಂಗತಿಯೇನಲ್ಲ. ನಮ್ಮ ಕಡೆ ಹಳೆಯ ಗುಡಿ ಇದ್ದಲ್ಲಿ, ಕೆರೆ ಇದ್ದಲ್ಲಿ ಒಂದೆರಡು ಇದ್ದೇ ಇರುತ್ತವೆ. ಕಾಲುವೆಗೆ ಹಾಸಿದ್ದು, ದನ ಕಟ್ಟುವ ಗೂಟವಾದದ್ದು, ಬಸ್ ಸ್ಟ್ಯಾಂಡಿನಲ್ಲಿ ಕೂರುವ ಕಟ್ಟೆಯಾದದ್ದು ಎಲ್ಲವನ್ನೂ ನೋಡಿದ್ದೇನೆ. ಒಂದು ಊರಲ್ಲಂತೂ ವೀರನ ಎದೆಯ ಮೇಲೆ ಕೇಬಲ್ ಟಿವಿಯವರ ಫೋನ್ ನಂಬರು ಬರೆದಿತ್ತು.

ವೀರಗಲ್ಲನ್ನು ನೋಡುವ ಕ್ರಮ ಒಂದಿದೆ. ನಾವು ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ, ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದ್ದರಲ್ಲಿ ಕಾದಾಟ: ಒಂದು ಕಡೆಯಿಂದ ಬಿಲ್ಲು ಹಿಡಿದವರು ಬರುತ್ತಿದ್ದಾರೆ, ಇನ್ನೊಂದು ಕಡೆ ಒಬ್ಬ ನಿಂತಿದ್ದಾನೆ, ಅವನ ಹಿಂದೆ ಹಸುಗಳು. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದ್ದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರುವಷ್ಟು ದಿನ ಇದೂ ಇರಲಿ ಅಂತ. ನಮ್ಮೂರಿನದ್ದರಲ್ಲಿ ಕೆಳಗಿನ ಪಟ್ಟಿಕೆಯ ಮುಕ್ಕಾಲು ಪಾಲು ಮಣ್ಣಿನಲ್ಲಿತ್ತು. ಕಾಣುತ್ತಿದ್ದದ್ದು ವೀರನ ತಲೆ, ಎತ್ತಿದ ಕತ್ತಿಯ ತುದಿ ಮತ್ತು ಒಂದು ಹಸುವಿನ ಮುಖ. ಆ ಹಸುವಿನ ಮುಖ ನನಗೆ ಇವತ್ತಿಗೂ ಇಷ್ಟ. ಅದರ ಸಲುವಾಗಿ ಒಬ್ಬ ಸಾಯುತ್ತಿದ್ದಾನೆ, ಅದು ಮಾತ್ರ ಮೆಲುಕು ಹಾಕುತ್ತ ಬೇರೆ ಕಡೆ ನೋಡುತ್ತಿದೆ.

ನನ್ನ ಬಾಲ್ಯದ ಹೀರೋಗಳು ಮಾತ್ರ ಬೇರೆ. ಅವರು ಟೆಂಟಿನ ಪರದೆಯ ಮೇಲೆ ಬರುತ್ತಿದ್ದರು. ಮೊದಲು ಬೂಟು ಕಾಣುತ್ತಿತ್ತು, ಆಮೇಲೆ ಧೂಳು, ಆಮೇಲೆ ಮುಖ. ಮುಖ ಕಾಣುವ ಹೊತ್ತಿಗೆ ಮುಂದಿನ ಸಾಲಿನವರ ಶಿಳ್ಳೆಗೆ ಡೈಲಾಗೇ ಕೇಳುತ್ತಿರಲಿಲ್ಲ. ಆ ಹೀರೋ ಎಲ್ಲಿಗೂ ತಡವಾಗಿ ಹೋಗುತ್ತಿರಲಿಲ್ಲ, ಹೋದಲ್ಲಿ ಸಾಯುತ್ತಲೂ ಇರಲಿಲ್ಲ. ಮನೆಯಲ್ಲಿ ಮಾತ್ರ ಆ ಶಬ್ದಕ್ಕೆ ಬೇರೆಯೇ ಅರ್ಥ. ಮಳೆಗಾಲದಲ್ಲಿ ಹೊಳೆ ದಾಟಲು ಹೊರಟರೆ ಅಮ್ಮ, "ಭಾರೀ ಹೀರೋ ಆಗಬೇಡ, ಕೂತ್ಕ" ಅನ್ನುತ್ತಿದ್ದಳು. ಪರೀಕ್ಷೆಯಲ್ಲಿ ಫೇಲಾಗಿ ಕ್ರಾಪು ತೀಡಿಕೊಂಡು ಬಂದ ಚಿಕ್ಕಪ್ಪನಿಗೆ ಅಪ್ಪ ಹೇಳಿದ್ದು: "ಬಂದ ನೋಡು ನಮ್ಮ ಹೀರೋ." ಕನ್ನಡದ ಮನೆಗಳಲ್ಲಿ ಹೀರೋ ಅನ್ನುವುದು ಮುಕ್ಕಾಲು ಪಾಲು ಬೈಗುಳ. ಇದರ ಬಗ್ಗೆ ಯಾರೂ ಯಾಕೆ ಬರೆದಿಲ್ಲವೋ.

ವೀರ, ಶೂರ, ನಾಯಕ ಎಲ್ಲ ಸಂಸ್ಕೃತದಿಂದ ಬಂದವು. ನಮ್ಮದೇ ಶಬ್ದ ಒಂದಿತ್ತು, ಕಲಿ. ಈಗ ಅದನ್ನು ಪದಬಂಧದವರು ಮಾತ್ರ ಬಳಸುತ್ತಾರೆ. ಬಾದಾಮಿಯ ಕೆರೆಯ ಪಕ್ಕದ ಬಂಡೆಯ ಮೇಲೆ, ಸುಮಾರು 700ನೇ ಇಸವಿಯ ಹೊತ್ತಿಗೆ, ಕಪ್ಪೆ ಅರಭಟ್ಟ ಅನ್ನುವವನ ಬಗ್ಗೆ ಕೊರೆದ ತ್ರಿಪದಿಗಳಿವೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್.' ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನಮಗೆಲ್ಲ ಖುಷಿ ಕೊಟ್ಟದ್ದು ಆ 'ವಿಪರೀತನ್'. ಬೆಂಚು ಬಡಿದು ಹೇಳುತ್ತಿದ್ದೆವು. ಈಗ ಓದುವಾಗ ನಾನು ನಿಲ್ಲುವುದು ಅದಕ್ಕಿಂತ ಮುಂಚೆಯೇ ಬರುವ ಶಬ್ದದಲ್ಲಿ: ಮಾಧುರ್ಯ. ಚಿತ್ರದುರ್ಗದ ಹತ್ತಿರ ತಮಟಕಲ್ಲಿನಲ್ಲಿ ಇದಕ್ಕಿಂತ ಹಳೆಯ ವೀರಗಲ್ಲಿದೆ. ಅದರ ವೀರನ ಹೆಸರೇ ಗುಣಮಧುರ. ಅವನು ರಣದಲ್ಲಿ ಹೇಗೆ ಕಾದಿದ ಅನ್ನುವುದರ ಜೊತೆಗೆ, ಪ್ರೀತಿಸುವ ಜನಕ್ಕೆ ಅವನು ಕಾಮನಂತಿದ್ದ, ಮೈಬಣ್ಣ ನೀಲಿ ತಾವರೆಯದ್ದು ಅಂತಲೂ ಆ ಪದ್ಯ ಹೇಳುತ್ತದೆ. ಕನ್ನಡದ ಮೊಟ್ಟಮೊದಲ ವೀರರ ಪೈಕಿ ಇಬ್ಬರನ್ನು ಹೊಗಳುವಾಗ ಕಲ್ಲು ಕೊರೆದವರಿಗೆ 'ಸಿಹಿ' ಅನ್ನುವ ಶಬ್ದ ಬೇಕಾಯಿತು. ಮೀಸೆ, ತೊಡೆ, ಗುಡುಗು ಎಲ್ಲ ಆಮೇಲೆ ಬಂದವು.

ಇರಲಿ, ಹಸುವಿಗೆ ಬರೋಣ.

ತುರು ಅಂದರೆ ದನ. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಈ ತುರುಗೊಳ್ ಕಾಳಗದವು. ಪಕ್ಕದ ನಾಡಿನವರೋ ಕಳ್ಳರೋ ಬೆಳಗಿನ ಜಾವ ಬಂದು ಮೇಯಲು ಬಿಟ್ಟ ಮಂದೆಯನ್ನು ಅಟ್ಟಿಕೊಂಡು ಹೋಗುತ್ತಾರೆ. ಊರಿನ ಒಬ್ಬ ಬೆನ್ನಟ್ಟುತ್ತಾನೆ. ದನ ಮರಳುತ್ತವೆ, ಅವನು ಮರಳುವುದಿಲ್ಲ. ಶಾಸನಗಳಲ್ಲಿ ಇದನ್ನು ಹೇಳುವ ಮಾತು ಬಹಳ ಚಿಕ್ಕದು: ತುರುವಂ ಮರಳ್ಚಿ ಸತ್ತ. 'ಪೆಣ್ಬುಯ್ಯಲ್' ಅಂತ ಇನ್ನೊಂದು ಬಗೆಯಿದೆ, ಹೆಂಗಸರ ಕೂಗು ಕೇಳಿ ಓಡಿದವರದ್ದು. 'ಊರಳಿವು' ಅಂತ ಮತ್ತೊಂದು, ಊರು ಹಾಳಾಗುವಾಗ ಅಡ್ಡ ನಿಂತವರದ್ದು. ಗಮನಿಸಿ, ಇವರಲ್ಲಿ ಎಷ್ಟೋ ಮಂದಿ ಸೈನಿಕರೇ ಅಲ್ಲ. ಗಾವುಂಡನ ಮಗ, ದನ ಕಾಯುವವನು, ಸೆಟ್ಟಿ. ಬೆಂಗಳೂರಿನ ಹೆಸರು ಮೊದಲು ಸಿಗುವುದು ಎಲ್ಲಿ ಅಂತ ಕೇಳಿದರೆ ಬೇಯಿಸಿದ ಕಾಳಿನ ಕಥೆ ಹೇಳುತ್ತೇವೆ. ಅದು ಸಿಗುವುದು ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದ ಒಂದು ವೀರಗಲ್ಲಿನಲ್ಲಿ, ಸುಮಾರು 890ರದ್ದು. ಗಂಗರ ಸಾಮಂತ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. ಇಷ್ಟು ದೊಡ್ಡ ನಗರದ ಹೆಸರು ಮೊದಲ ಸಲ ಬರೆಯಲ್ಪಟ್ಟದ್ದು ಒಬ್ಬ ಸೆಟ್ಟಿಯ ಸಾವಿನ ಸುದ್ದಿಯೊಳಗೆ.

ಆದರೆ ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಆತಕೂರಿನ ಕಲ್ಲು. ಮದ್ದೂರು ತಾಲೂಕಿನದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನಾನು ಮೊದಲ ಸಲ ನೋಡಿದ್ದು ಕೆಲಸವಿಲ್ಲದ ದಿನಗಳಲ್ಲಿ, ಮಳೆಗೆ ಒಳನುಗ್ಗಿ. ಕಲ್ಲಿನ ಮೇಲೆ ಒಂದು ಹಂದಿ ಮತ್ತು ಒಂದು ನಾಯಿ ಕಾದಾಡುತ್ತಿವೆ, ಅಷ್ಟೇ. ಸುತ್ತ ಪೂರ್ತಿ ಅಕ್ಷರ. ಕಾಲ 949–50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಬಿದ್ದ ಸಮಯ. ಗಂಗರ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಅವನಿಗೆ ಸಿಕ್ಕಿದ್ದು ಬನವಾಸಿ, ಬೆಳ್ವೊಲ, ಪುರಿಗೆರೆ, ಹೀಗೆ ನಾಡುಗಟ್ಟಲೆ. ಅದೇ ಯುದ್ಧದಲ್ಲಿ ಬೂತುಗನ ಬಂಟ ಮಣಲೆರನೂ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಊರುಗಳೂ ಬಂದವು, ಅದು ಬೇರೆ ಮಾತು. ಅವನು ಬಾಯಿಬಿಟ್ಟು ಕೇಳಿದ್ದು ನಾಯಿ.

ಆಮೇಲೊಂದು ದಿನ ಕೆಲಲೆ ನಾಡಿನ ಒಂದು ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅದಕ್ಕೆ ಭೂಮಿ ಬಿಟ್ಟ. ಆ ಭೂಮಿ ಅನುಭವಿಸುವ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಅಂಟಲಿ ಅಂತ ಬರೆಸಿದ. ಸಾವಿರದ ಎಪ್ಪತ್ತು ವರ್ಷದ ಮೇಲೂ ಈ ಸಾಲು ಓದಿದರೆ ನನಗೆ ನಗು ಬರುತ್ತದೆ, ಜೊತೆಗೆ ಗಂಟಲೂ ಕಟ್ಟುತ್ತದೆ. ನಾಯಿ ಅಂಥ ಪಾಪ ಏನು ಮಾಡಿರಬಹುದು? ಯಾರದೋ ಕೋಳಿ ಹಿಡಿದಿರಬಹುದು.

ಮ್ಯೂಸಿಯಮ್ಮಿಗೆ ಬರುವ ಶಾಲಾ ಮಕ್ಕಳು ಇದನ್ನು ನಾಯಿಯ ಸ್ಮಾರಕ ಅಂತ ನೋಡಿ ಹೋಗುತ್ತಾರೆ. ನಾನೂ ಹಾಗೇ ನೋಡಿ ಬಂದೆ. ಬಹಳ ತಡವಾಗಿ ಹೊಳೆದದ್ದು, ಇದರಲ್ಲಿ ಮುಖ್ಯವಾದ ಮಾತು ಭೂಮಿ ಬಿಟ್ಟದ್ದು ಅನ್ನುವುದು. ಬರಿ ಕಲ್ಲು ನಿಲ್ಲಿಸಿ ಮಣಲೆರ ಮನೆಗೆ ಹೋಗಲಿಲ್ಲ. ನೆನಪು ಇಟ್ಟುಕೊಳ್ಳುವುದಕ್ಕೆ ಖರ್ಚಿದೆ, ಅದಕ್ಕೆ ಬತ್ತ ಬೆಳೆಯಬೇಕು ಅಂತ ಅವನಿಗೆ ಗೊತ್ತಿತ್ತು.

ಹಳಗನ್ನಡದಲ್ಲಿ ಇದಕ್ಕೆಲ್ಲ ಶಬ್ದಗಳೇ ಇವೆ. ಬಾಳ್ಗಳ್ಚು ಅಂದರೆ ಕತ್ತಿ ತೊಳೆಯುವುದು. ಕಾದಿ ಬಂದವನ ಕತ್ತಿ ತೊಳೆದು ಕೊಡುವ ಭೂಮಿಗೆ ಆ ಹೆಸರು. ನಾವೆಲ್ಲ ಕನ್ನಡದ ಮೊದಲ ಶಾಸನ ಅಂತ ಓದಿಕೊಂಡು ಬಂದ ಹಲ್ಮಿಡಿ ಶಾಸನ, ಸುಮಾರು 450ರದ್ದು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೇಲೂರಿನ ಹತ್ತಿರ ಪತ್ತೆ ಮಾಡಿದ್ದು, ಅದರಲ್ಲಿರುವುದೂ ಇದೇ. ಕಾದಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎರಡು ಊರು ಬಾಳ್ಗಳ್ಚು ಅಂತ ಕೊಟ್ಟ ದಾಖಲೆ. ಸತ್ತವನ ಮನೆಯವರಿಗೆ ಕೊಟ್ಟರೆ ಅದು ನೆತ್ತರುಗೊಡಗೆ, ಕೆಲವು ಕಡೆ ರಕ್ತಗೊಡಗಿ. ನೆತ್ತರಿಗೆ ಕೊಟ್ಟ ಕೊಡಗೆ. ಕೊಡಗಿ, ಕೊಡಿಗೆ ಅಂತ ಶುರುವಾಗುವ ಊರು, ಹೊಲ, ಗದ್ದೆಗಳ ಹೆಸರು ಕರ್ನಾಟಕದ ತುಂಬ ಇವೆ. ಎಷ್ಟರ ಹಿಂದೆ ಯಾರ ನೆತ್ತರಿದೆಯೋ.

ಅಂದರೆ ನಮ್ಮ ಹಿಂದಿನವರಿಗೆ ವೀರ ಅಂದರೆ ಲೆಕ್ಕದ ಪುಸ್ತಕದಲ್ಲಿ ಬಾಕಿ ಇರುವವನು. ಸಿನಿಮಾ ನೋಡಿ ಬೆಳೆದ ನನಗೆ ಹೀರೋತನ ಅನ್ನುವುದು ಆ ಮನುಷ್ಯನೊಳಗೆ ಇರುವ ಒಂದು ಗುಣ: ಧೈರ್ಯ, ತಾಕತ್ತು, ಒಳ್ಳೆಯತನ, ಇಂಥದ್ದೇನೋ. ಕಲ್ಲು ಹಾಗೆ ಹೇಳುವುದಿಲ್ಲ. ಧೈರ್ಯವಂತರು ಬೇಕಾದಷ್ಟು ಮಂದಿ ಇದ್ದರು, ದನ ಕದಿಯಲು ಬಂದವನೂ ಧೈರ್ಯವಂತನೇ. ಅವನ ಊರಲ್ಲಿ ಅವನಿಗೂ ಒಂದು ಕಲ್ಲು ನಿಂತಿರಬಹುದು. ಇವನನ್ನು ವೀರ ಮಾಡಿದ್ದು ಅವನ ಬೆನ್ನ ಹಿಂದೆ ಇದ್ದ ಹಸು, ಆ ಹಸುವಿನ ಹಾಲು ಕುಡಿದ ಮನೆಗಳು ಮತ್ತು ಆ ಮನೆಗಳವರು 'ಇವನಿಗೆ ನಾವು ಕೊಡಬೇಕಾದ್ದಿದೆ' ಅಂತ ಒಪ್ಪಿಕೊಂಡದ್ದು.

ಇದನ್ನು ಬರೆದ ಮೇಲೆ ಒಂದು ಅಳುಕು. ಹಳೆಯದ್ದೆಲ್ಲ ಬಂಗಾರ ಅನ್ನುವ ಪೈಕಿಯವನು ನಾನಲ್ಲ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರದ ಹತ್ತಿರದ ಒಂದು ಕಂಬವನ್ನು ನೋಡಿರಬಹುದು, ಗೈಡುಗಳು ಬೇಗ ದಾಟಿಸಿಬಿಡುತ್ತಾರೆ. ಇಮ್ಮಡಿ ಬಲ್ಲಾಳ 1220ರ ಹೊತ್ತಿಗೆ ಸತ್ತಾಗ ಅವನ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ, ಜೊತೆಗೆ ಒಡೆಯನೊಂದಿಗೇ ಸಾಯುವ ಆಣೆ ಹೊತ್ತ ಸಾವಿರ ಮಂದಿ ಬಂಟರು, ಲೆಂಕರು, ಪ್ರಾಣ ಕೊಟ್ಟರು ಅನ್ನುತ್ತದೆ ಶಾಸನ. ಕಂಬದ ಮೇಲೆ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುತ್ತಿರುವ ಸಣ್ಣ ಸಣ್ಣ ಮನುಷ್ಯರಿದ್ದಾರೆ. ಅನ್ನ ಹಾಕಿದ ಒಡೆಯನ ಋಣಕ್ಕೆ ಪ್ರಾಣ ಕೊಡುವುದು, ಜೋಳದ ಪಾಳಿ, ಆ ಕಾಲಕ್ಕೆ ದೊಡ್ಡ ಮೌಲ್ಯ. ಪಂಪನಿಂದ ಈಚೆಗೆ ಎಲ್ಲರೂ ಅದನ್ನು ಹಾಡಿದ್ದಾರೆ. ನನಗೆ ಮಾತ್ರ ಆ ಕಂಬದ ಮುಂದೆ ನಿಂತಾಗ ಮೈ ತಣ್ಣಗಾಯಿತು. ಅವರ ಬೆನ್ನ ಹಿಂದೆ ಯಾವ ಹಸುವೂ ಇಲ್ಲ. ಬಲ್ಲಾಳ ಆಗಲೇ ಸತ್ತಿದ್ದ, ಅವರು ಸತ್ತದ್ದರಿಂದ ಯಾರ ಮನೆಯ ಒಲೆಯೂ ಹೊತ್ತಲಿಲ್ಲ. ಅದನ್ನು ವೀರತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸತಿ ಹೋದ ಹೆಂಗಸರಿಗೆ ನಿಲ್ಲಿಸಿದ ಮಾಸ್ತಿಗಲ್ಲುಗಳ ಮುಂದಂತೂ ಸುಮ್ಮನೆ ನಿಲ್ಲುವುದೂ ಕಷ್ಟ. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ತೋಳಿಗೆ ಬಳೆ, ಬೆರಳಲ್ಲಿ ನಿಂಬೆಹಣ್ಣು. ಇಡೀ ಹೆಂಗಸಿನಲ್ಲಿ ಊರು ಇಟ್ಟುಕೊಂಡದ್ದು ಅಷ್ಟೇ. ನೆತ್ತರುಗೊಡಗೆ ಕೊಟ್ಟ ನಾಡೇ ಇದನ್ನೂ ಮಾಡಿತು. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಈಗ ನನಗೆ ಗೊತ್ತಿರುವ ಒಬ್ಬಳ ವಿಷಯ.

ನಮ್ಮ ತಾಲೂಕಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. ಕ್ಯಾಸನೂರು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿ, ಬೆನ್ನಿಗೇ ಜನರಿಗೆ ಜ್ವರ ಬಂದು, ಆ ಜ್ವರಕ್ಕೆ ಆ ಕಾಡಿನ ಹೆಸರೇ ಬಂತು. ನಾವು ಹೇಳುವುದು ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗೆ ಉದುರಿ ಬೇರೆ ಮೈ ಹುಡುಕುತ್ತದೆ. ಚಳಿಗಾಲದಲ್ಲಿ ಶುರು, ಮಳೆ ಬೀಳುವವರೆಗೆ. ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗುವ ಕಾಲವೂ ಅದೇ.

2019ರ ಬೇಸಿಗೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಸಾಗರ ತಾಲೂಕಿನ ಅರಳಗೋಡಿನ ಸುತ್ತ ಸಾವಾದವು, ಜ್ವರ ಬಂದವರನ್ನು ಮಣಿಪಾಲಕ್ಕೆ ಒಯ್ಯುತ್ತಿದ್ದರು, ಪೇಪರಿನಲ್ಲಿ ದಿನಾ ಅದೇ. ನಾನು ರಜೆಗೆ ಊರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ನಮ್ಮ ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ. ಊರಿನವರು ಜಗಲಿಯಿಂದ ಇಳಿಯಲಿಲ್ಲ. ಫೋನ್ ಮಾಡಿದ್ದಾಯಿತು, ವ್ಯಾನ್ ಬರುತ್ತದೆ ಅಂದರು. ಅಷ್ಟರಲ್ಲಿ ನಮ್ಮೂರ ಆಶಾ ಬಂದಳು.

ಆಶಾ ಅಂದರೆ ಅವಳ ಹೆಸರಲ್ಲ, ಅವಳ ಕೆಲಸ. ಆದರೆ ಊರಲ್ಲಿ ಅರ್ಧ ಮಂದಿ ಅವಳನ್ನು 'ಆಶಕ್ಕ' ಅಂತಲೇ ಕರೆಯುತ್ತಾರೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಎಸ್ಸೆಸ್ಸೆಲ್ಸಿ, ಗಂಡನಿಗೆ ಸೊಂಟ ನೋವು, ಮಗಳು ಹಾಸ್ಟೆಲ್ಲಿನಲ್ಲಿ. ಚೀಲದಿಂದ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆಯ ಬಾಟಲಿ ತೆಗೆದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಮೊದಲು ಪಾದ, ಬೆರಳು ಸಂದಿ, ಹಿಮ್ಮಡಿ, ಆಮೇಲೆ ಮೊಣಕಾಲಿನವರೆಗೆ, ಆಮೇಲೆ ಎರಡೂ ಕೈ, ಕುತ್ತಿಗೆಯ ಹಿಂದೆ. ಮದುವೆ ಮನೆಯಲ್ಲಿ ಅರಿಶಿನ ಹಚ್ಚುವವರಷ್ಟು ನಿಧಾನ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಂಡನ ಹಳೆಯ ಗಂಬೂಟಿಗೆ ಕಾಲು ತುಂಬಿಸಿದಳು. ಗಂಬೂಟು ಎರಡು ಸೈಜು ದೊಡ್ಡದು, ನಡೆದರೆ ಚಪ್ ಚಪ್ ಅನ್ನುತ್ತಿತ್ತು. ಮನೆ ಬಾಗಿಲಿನ ಅಡಕೆ ದೋಟಿಯ ತುಂಡೊಂದನ್ನು ಕೈಗೆ ತಗೊಂಡು ತೋಟಕ್ಕೆ ಇಳಿದಳು.

ಅವಳು ಮಾಡಿದ್ದು ಬೇರೇನೂ ಅಲ್ಲ. ಮಂಗ ಬಿದ್ದ ಜಾಗದಿಂದ ಒಂದಿಷ್ಟು ದೂರದಲ್ಲಿ ಕಾಲುದಾರಿಗೆ ಅಡ್ಡವಾಗಿ ನಿಂತಳು. ನಾಯಿ ಬಂದರೆ ಓಡಿಸಬೇಕು, ದನ ಬರಬಾರದು, ಶಾಲೆ ಬಿಟ್ಟ ಮಕ್ಕಳು ನೋಡಲು ಓಡಿಬರುತ್ತಾರೆ, ಅವರನ್ನು ತಡೆಯಬೇಕು. ವ್ಯಾನ್ ಬಂದದ್ದು ಸಂಜೆ ನಾಲ್ಕೂವರೆಗೆ. ಬೆಳಿಗ್ಗೆ ಹತ್ತರಿಂದ ಅಲ್ಲಿಯವರೆಗೆ ಅವಳು ಅಲ್ಲೇ. ಒಮ್ಮೆ ಕೊಡೆ ಬಿಚ್ಚಿದಳು, ಒಮ್ಮೆ ಮರಕ್ಕೆ ಒರಗಿದಳು, ತಕ್ಷಣ ಏನೋ ನೆನಪಾಗಿ ನೆಟ್ಟಗೆ ನಿಂತು ಬೆನ್ನು ಕೊಡವಿಕೊಂಡಳು. ನಮ್ಮ ಗೌರಿ ಹಸು ಕಣ್ಣಿ ಕಿತ್ತುಕೊಂಡು ಆ ಕಡೆಗೇ ಹೊರಟಾಗ ದೋಟಿ ಬೀಸುತ್ತ ಬೈಯುತ್ತ ತಿರುಗಿಸಿ ಅಟ್ಟಿದಳು.

ನಾನು ಹೋಗಲಿಲ್ಲ. ಇದನ್ನು ಬರೆಯದೆ ಇರಬಹುದಿತ್ತು. ಹನ್ನೆರಡೂವರೆಗೆ ಅಮ್ಮ ಮಜ್ಜಿಗೆ ಕೊಟ್ಟು ಕಳಿಸಿದಾಗ ತೋಟದ ತಡಬೆಯವರೆಗೆ ಹೋದೆ. "ಅಲ್ಲೇ ಇಡು, ಈಚೆ ಬರಬೇಡ" ಅಂದಳು. ಅವಳು ಹಾಗೆ ಹೇಳಿದ್ದು ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಚೊಂಬನ್ನು ಇಟ್ಟು ತಿರುಗಿ ನೋಡದೆ ಬಂದೆ. ಅವಳು ಆಕಡೆಯಿಂದ ಬಂದು ಎತ್ತಿಕೊಂಡಿರಬೇಕು. ಸಂಜೆ ಚೊಂಬು ತೊಳೆದು ಕವುಚಿಟ್ಟಿತ್ತು.

ಮರುವರ್ಷ ಕೊರೊನಾ. 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ನಾವೆಲ್ಲ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದೆವಲ್ಲ, ನಾನೂ ಬೆಂಗಳೂರಿನ ಮೂರನೇ ಮಹಡಿಯಲ್ಲಿ ನಿಂತು ಸ್ಟೀಲ್ ತಟ್ಟೆಗೆ ಸೌಟು ಬಡಿದೆ. ಬಡಿಯುವಾಗ ನಿಜವಾಗಿಯೂ ಕಣ್ಣು ತುಂಬಿ ಬಂತು, ಅದನ್ನು ಈಗ ಗೇಲಿ ಮಾಡಲಾರೆ. ತಟ್ಟೆ ಒಳಗಿಟ್ಟು ಅವಳಿಗೆ ಫೋನ್ ಮಾಡಿದೆ. "ಇದು ನಿನಗೆ ಬಡಿದದ್ದು. ನೀನು ಹೀರೋ" ಅಂದೆ. ಅವಳು ನಕ್ಕಳು. "ಹೀರೋನೂ ಇಲ್ಲೆ ಎಂತದೂ ಇಲ್ಲೆ ಮಾರಾಯ. ಮೂರು ತಿಂಗಳಿಂದ ದುಡ್ಡೇ ಬಂದಿಲ್ಲೆ. ಅಲ್ಲಿ ಯಾರಾದ್ರೂ ಗುರ್ತದವರು ಇದ್ರೆ ಕೇಳಿ ನೋಡ್ತ್ಯಾ?" ನಾನು ಕೇಳುತ್ತೇನೆ ಅಂದೆ. ಯಾರನ್ನೂ ಕೇಳಲಿಲ್ಲ, ನನಗೆ ಅಂಥವರು ಯಾರೂ ಗೊತ್ತಿರಲಿಲ್ಲ.

ಆ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ, ಜೊತೆಗೆ ಮಾಸ್ಕು, ಕೈಗವಸಿನಂಥ ರಕ್ಷಣಾ ಸಾಮಗ್ರಿ. ಅವರಿಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತೇವೆ. ಕನ್ನಡದಲ್ಲಿ ಇಷ್ಟು ಜಾಣ ಶಬ್ದ ಇನ್ನೊಂದಿಲ್ಲ. ಗೌರವ ಮೊದಲೇ ಕೊಟ್ಟುಬಿಟ್ಟಿದ್ದೇವೆ, ಧನ ಸ್ವಲ್ಪ ಹಿಂದೆ ಮುಂದೆ ಆದರೆ ಏನಂತೆ?

ಊರಿಗೆ ಫೋನ್ ಮಾಡಿದಾಗ ಮಾತಿನ ದಾಟಿ ಬದಲಾಗಿತ್ತು. "ಇಂಥ ಹೊತ್ತಲ್ಲಿ ದುಡ್ಡು ಕೇಳೂದಾ?" ಅಂದವರು, ತೋಟದ ಅಂಚಿನ ಆ ಮಂಗದ ದಿನ ನನ್ನ ಜೊತೆ ಜಗಲಿಯಲ್ಲಿ ಕೂತಿದ್ದವರೇ. ನಾನು ಜಗಳವಾಡಲಿಲ್ಲ. ಒಳಗೊಳಗೆ ನನಗೂ ಒಂದು ಎಳೆ ಹಾಗೇ ಅನ್ನಿಸಿತ್ತು ಅನ್ನುವುದು ಹೇಳಲು ಕಷ್ಟವಾದರೂ ನಿಜ. ಸೌಟು ಬಡಿದ ಕೈಗೆ ಹೋಟೆಲ್ಲಿನ ಬಿಲ್ಲು ಬಂದಂತೆ ಅನ್ನಿಸಿತ್ತು. ಹೀರೋ ಬಾಯಿಬಿಟ್ಟು ಕೇಳಬಾರದು ಅನ್ನುವುದು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ನೋಡಿ. ಪರದೆಯ ಮೇಲಿನವನು ಕೊನೆಯ ರೀಲಿನಲ್ಲಿ ಬೆನ್ನು ತಿರುಗಿಸಿ ನಡೆದು ಹೋಗುತ್ತಾನೆ, ಯಾರೂ ಅವನಿಗೆ ಬಸ್ ಚಾರ್ಜು ಎಷ್ಟಾಯಿತು ಅಂತ ವಿಚಾರಿಸುವುದಿಲ್ಲ. ಈಗೀಗ ನನಗೆ ಗುಮಾನಿ, ಯಾರನ್ನಾದರೂ ಹೀರೋ ಅಂತ ಕರೆಯಲು ನಾವು ಅವಸರ ಮಾಡುವುದು ಎಷ್ಟೋ ಸಲ ಬಿಲ್ಲು ಬರುವ ಮೊದಲೇ ಏಳುವುದಕ್ಕೆ. ಗುಂಡಿಗೆ ಇಳಿದು ಸತ್ತ ಪೌರಕಾರ್ಮಿಕನಿಗೆ, ಮಳೆಯಲ್ಲಿ ಕಂಬ ಹತ್ತಿ ಸತ್ತ ಲೈನ್‌ಮ್ಯಾನ್‌ಗೆ ಫ್ಲೆಕ್ಸ್ ಕಟ್ಟುತ್ತೇವೆ. ಹನ್ನೊಂದನೇ ದಿನಕ್ಕೆ ಆ ಫ್ಲೆಕ್ಸ್ ಯಾರದೋ ಅಡಕೆ ರಾಶಿಯ ಮೇಲೆ ಹೊದಿಕೆಯಾಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ನಮ್ಮಜ್ಜಿಯೂ ವೀರನ ಬೆನ್ನ ಮೇಲೆ ಕಂಬಳಿ ಒಗೆದವಳು. ಗದ್ದೆ ಎಲ್ಲಿ ಅನ್ನುವುದು ಪ್ರಶ್ನೆ.

ಕಳೆದ ಡಿಸೆಂಬರಿನಲ್ಲಿ ಶಾಸನ ಓದುವ ಮೇಷ್ಟ್ರೊಬ್ಬರು ನಮ್ಮೂರಿಗೆ ಬಂದಿದ್ದರು, ನಿವೃತ್ತರು. ಪಂಚಾಯ್ತಿಯವರು ಏರಿ ಅಗಲ ಮಾಡುವವರಿದ್ದಾರೆ, ಅಷ್ಟರೊಳಗೆ ಬೀರಪ್ಪನನ್ನು ಒಮ್ಮೆ ನೋಡಿ ಅಂತ ನಾನೇ ಕರೆದದ್ದು. ಇಬ್ಬರು ಹುಡುಗರು ಬುಡದ ಮಣ್ಣು ಅಗೆದರು. ಐವತ್ತು ವರ್ಷ ಹಸುವಿನ ಮುಖ ಮಾತ್ರ ನೋಡಿದ್ದ ಊರಿಗೆ ಅವತ್ತು ಅದರ ಕಾಲು, ಬಾಲ, ಹಿಂದಿನ ಇನ್ನೆರಡು ಹಸು, ವೀರನ ಕಾಲ ಕೆಳಗೆ ಬಿದ್ದ ಒಬ್ಬನ ದೇಹ ಎಲ್ಲ ಕಂಡವು. ಮೇಷ್ಟ್ರು ತೆಂಗಿನ ಗುಂಜಿನಿಂದ ಕಲ್ಲು ತಿಕ್ಕಿದರು. ಪಟ್ಟಿಕೆಗಳ ನಡುವಿನ ಅಡ್ಡಸಾಲುಗಳಲ್ಲಿ ಅಕ್ಷರ ಇದ್ದವು. ಅದರ ಮೇಲೆ ಕಾಗದ ಹಾಸಿ, ನೀರು ಚಿಮುಕಿಸಿ, ಬ್ರಷ್ಷಿನಿಂದ ಮೆತ್ತಗೆ ಬಡಿದು ಬಡಿದು ಕಾಗದವನ್ನು ಅಕ್ಷರದ ಕುಳಿಗಳಿಗೆ ಇಳಿಸಿದರು. ಅರೆಬರೆ ಒಣಗಿದ ಮೇಲೆ ಮಸಿಯ ಗಂಟು ಒತ್ತುತ್ತ ಹೋದರು. ಕಪ್ಪು ಕಾಗದದ ಮೇಲೆ ಬಿಳಿ ಅಕ್ಷರ ಒಂದೊಂದಾಗಿ ಎದ್ದು ಬಂದವು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಹುಟ್ಟಿದ ಮಗುವಿನ ಮುಖ ನೋಡಲು ಬಂದವರ ಹಾಗೆ.

ಮೇಲಿನ ಸಾಲು ಪೂರ್ತಿ ಹೋಗಿತ್ತು. ನಾವು ಮಕ್ಕಳು ಹತ್ತಿ ಹಾರುವಾಗ ಕಾಲೂರುತ್ತಿದ್ದ ಜಾಗ ಅದು. ರಾಜ ಯಾರು, ವರ್ಷ ಯಾವುದು ಎಲ್ಲ ಅಲ್ಲಿರಬೇಕಿತ್ತು. ನಡುವಿನ ಸಾಲಿನಲ್ಲಿ ಹೆಸರು ಶುರುವಾಗುವಲ್ಲಿ ಚಕ್ಕೆ ಎದ್ದಿತ್ತು, ಉಳಿದದ್ದು 'ಯ್ಯನ ಮಗಂ' ಅನ್ನುವಷ್ಟು. ಅಪ್ಪನ ಹೆಸರಿನ ಬಾಲ. ಆಮೇಲೆ 'ತುರುವಂ ಮರಳ್ಚಿ' ಸ್ಪಷ್ಟ. ಕೆಳಗಿನ ಸಾಲು ಇಷ್ಟು ವರ್ಷ ಮಣ್ಣಿನಲ್ಲಿದ್ದದ್ದರಿಂದ ಮೊನ್ನೆ ಕೊರೆದಂತಿತ್ತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬೆರಳಿಟ್ಟು ಓದಿದರು. ಕೆರೆಯ ಕೆಳಗೆ ಬಿಟ್ಟ ಗದ್ದೆ, ಅದರ ಅಳತೆ, ಇದನ್ನು ಕೆಡಿಸಿದವನಿಗೆ ಕವಿಲೆ ಹಸುವನ್ನು ಕೊಂದ ಪಾಪ. ಅಷ್ಟೇ.

"ಯಾರ ಹೆಸರೂ ಸಿಗಲಿಲ್ಲ ಅಂದಾಯ್ತು" ಅಂದರು ಯಾರೋ. ಜನ ಸ್ವಲ್ಪ ನಿರಾಸೆಯಿಂದ ಕರಗಿದರು. ಯಾರಾದರೂ ರಾಜನೋ ಸೇನಾಪತಿಯೋ ಇದ್ದಿದ್ದರೆ ಸರ್ಕಲ್ಲಿಗೊಂದು ಹೆಸರಾಗುತ್ತಿತ್ತು.

ಆಶಕ್ಕ ಮೇಲಿನಕೇರಿಗೆ ಹೊರಟವಳು ನಡುವೆ ನಿಂತಿದ್ದಳು. ಕೈಚೀಲ ಭಾರವಿತ್ತೋ ಏನೋ, ಅದನ್ನು ತೆಗೆದು ಬೀರಪ್ಪನ ನೆತ್ತಿಯ ಮೇಲಿಟ್ಟಿದ್ದಳು, ಅವಳ ಎತ್ತರಕ್ಕೆ ಸರಿಯಾಗಿತ್ತು. ಚೀಲದಿಂದ ರಿಜಿಸ್ಟರು ಇಣುಕುತ್ತಿತ್ತು, ಎಣ್ಣೆಯ ಬಾಟಲಿಗಳೂ. ಮತ್ತೆ ಸೀಸನ್ ಶುರುವಾಗಿತ್ತಲ್ಲ.

"ಕೆರೆ ಕೆಳಗೆ ಅಂದ್ರೆ ಯಾವ ಗದ್ದೆ ಮೇಷ್ಟ್ರೇ?" ಅಂತ ಕೇಳಿದಳು.

ಮೇಷ್ಟ್ರು ತೂಬಿನ ಕಡೆ ತಿರುಗಿ ಕೈ ಚಾಚಿದರು. ಈಗ ಅಲ್ಲಿ ಮೂರು ಮನೆಯವರ ಅಡಕೆ ಸಸಿ, ಒಂದು ಕಡೆ ಶುಂಠಿ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಆ ಕಡೆ ನೋಡಿದಳು.

"ಒಳ್ಳೇ ಗದ್ದೆನೇ ಕೊಟ್ಟಿದ್ದ," ಅಂದಳು. "ನೀರು ಹತ್ರ."

ಆಮೇಲೆ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. ಮೇಲಿನಕೇರಿಯಲ್ಲಿ ಇನ್ನೂ ಏಳು ಮನೆ ಬಾಕಿ ಇದ್ದವು.